ತಂತಿ ಆಫೀಸಿನಿಂದ ಬಂದ ಸಮೀಕರಣಗಳು

ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ವಿದ್ಯುತ್ಕಾಂತೀಯ ಅಲೆಗಳ ಪಾಠಕ್ಕೆ ಬಂದರೆ ನಾಲ್ಕು ಸಾಲಿನ ಒಂದು ಪಟ್ಟಿ ಸಿಗುತ್ತದೆ. ಅದರ ತಲೆಬರಹ ‘ಮ್ಯಾಕ್ಸ್‌ವೆಲ್ ಸಮೀಕರಣಗಳು’. ಪರೀಕ್ಷೆಗೆಂದು ಅದನ್ನು ಉರು ಹೊಡೆದವರಿದ್ದಾರೆ, ಟೀ ಶರ್ಟಿನ ಮೇಲೆ ಅಚ್ಚು ಹಾಕಿಸಿಕೊಂಡವರಿದ್ದಾರೆ, ಎಂಜಿನಿಯರಿಂಗ್ ಸೇರಿದ ಮೇಲೆ ಅದೇ ಸಾಲುಗಳನ್ನು ಬೇರೆ ವೇಷದಲ್ಲಿ ಕಂಡು ಬೆವೆತವರೂ ಇದ್ದಾರೆ. ಆದರೆ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರಲ್ಲಿ ಹೊರತಂದ ಎರಡು ಸಂಪುಟಗಳ ಗ್ರಂಥವನ್ನು ಎಷ್ಟು ಸಲ ಮಗುಚಿದರೂ ಆ ನಾಲ್ಕು ಸಾಲು ಆ ರೂಪದಲ್ಲಿ ಸಿಗುವುದಿಲ್ಲ. ಅದಕ್ಕೂ ಮುಂಚಿನ 1865ರ ಪ್ರಬಂಧದಲ್ಲಿ ಇದ್ದದ್ದು 20 ಸಮೀಕರಣ, 20 ಅಜ್ಞಾತ ರಾಶಿ. ತನ್ನ ಸಿದ್ಧಾಂತವನ್ನು ಇನ್ನಷ್ಟು ತಿದ್ದಿ ಒಪ್ಪ ಮಾಡುವ ಮೊದಲೇ, 1879ರಲ್ಲಿ, 48ರ ವಯಸ್ಸಿಗೆ ಮ್ಯಾಕ್ಸ್‌ವೆಲ್ ತೀರಿಕೊಂಡ.

ಆ ರಾಶಿಯನ್ನು ಕಡೆದು ನಾಲ್ಕು ಸಾಲಿಗೆ ತಂದವನು ಆಲಿವರ್ ಹೆವಿಸೈಡ್. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 24ನೇ ವಯಸ್ಸಿಗೆ ಇದ್ದ ಒಂದು ಕೆಲಸವನ್ನೂ ಬಿಟ್ಟು ಅಪ್ಪ ಅಮ್ಮನ ಮನೆಯ ಕೋಣೆ ಸೇರಿದ. ಮತ್ತೆ ಸಾಯುವ ತನಕ ಯಾರ ಕೈಕೆಳಗೂ ನೌಕರಿ ಮಾಡಲಿಲ್ಲ. ಅವನ ಬಗ್ಗೆ ಬರೆಯಲು ಕೂತವರು ಸಾಮಾನ್ಯವಾಗಿ ಅವನ ವಿಚಿತ್ರ ನಡವಳಿಕೆಯ ಕಥೆಗಳಲ್ಲೇ ಕಳೆದುಹೋಗುತ್ತಾರೆ. ಆ ಕಥೆಗಳು ಇವೆ, ಮುಂದೆ ಬರುತ್ತವೆ. ನನಗೆ ಅವಕ್ಕಿಂತ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಸಂಗತಿ. ಈ ಮನುಷ್ಯ ಐವತ್ತು ವರ್ಷ ಬೇರೆ ಬೇರೆ ಕಡೆ ಕೈಹಾಕಿದಂತೆ ಕಂಡರೂ ಅಷ್ಟೂ ಕೆಲಸದ ಬುಡದಲ್ಲಿ ಇದ್ದದ್ದು ತಂತಿ ಆಫೀಸಿನ ಒಂದೇ ಪ್ರಶ್ನೆ: ಉದ್ದನೆಯ ತಂತಿಯ ಈ ತುದಿಯಲ್ಲಿ ಕೊಟ್ಟ ಸಂಕೇತ ಆ ತುದಿಗೆ ಹೇಗೆ ಹೋಗುತ್ತದೆ, ಮತ್ತು ಹೋಗುವಾಗ ಯಾಕೆ ಕೆಡುತ್ತದೆ?

ಹೆವಿಸೈಡ್ ಹುಟ್ಟಿದ್ದು 1850ರ ಮೇ 18ರಂದು, ಲಂಡನ್ನಿನ ಕ್ಯಾಮ್ಡನ್ ಟೌನ್‌ನಲ್ಲಿ. ನಾಲ್ಕು ಗಂಡುಮಕ್ಕಳಲ್ಲಿ ಕಿರಿಯ. ಅಪ್ಪ ಥಾಮಸ್ ಮರದ ಅಚ್ಚು ಕೆತ್ತುವವನು. ಪತ್ರಿಕೆಗಳಿಗೆ ಚಿತ್ರ ಬೇಕಾದರೆ ಮರದಲ್ಲಿ ಕೆತ್ತಿಸಬೇಕಿದ್ದ ಕಾಲ ಅದು. ಫೋಟೊಗ್ರಫಿ ಬಂದು ಆ ಕಸುಬಿಗೆ ಕಲ್ಲು ಹಾಕಿತು. ಮನೆಯಲ್ಲಿ ಬಡತನ ಬಿಡಲಿಲ್ಲ. ಚಿಕ್ಕಂದಿನಲ್ಲಿ ಬಂದ ಸ್ಕಾರ್ಲೆಟ್ ಜ್ವರ ಆಲಿವರನ ಕಿವಿಯನ್ನು ಮಂದ ಮಾಡಿತು. ಬೀದಿಯ ಮಕ್ಕಳ ಆಟ, ಕೂಗಾಟ ಅವನಿಗೆ ದೂರವಾಯಿತು. ಶಾಲೆಯಲ್ಲಿ ಜಾಣ. ಯೂಕ್ಲಿಡ್‌ನ ರೇಖಾಗಣಿತ ಮಾತ್ರ ಅವನಿಗೆ ಆಗಿಬರಲಿಲ್ಲ. ಮೊದಲು ಸಾಧನೆ, ಆಮೇಲೆ ಅರ್ಥ ಎಂಬ ಆ ಪದ್ಧತಿಯ ಮೇಲಿನ ಸಿಟ್ಟನ್ನು ಮುದುಕನಾದರೂ ಬಿಡಲಿಲ್ಲ. 16ಕ್ಕೆ ಶಾಲೆ ಮುಗಿಯಿತು, ಮುಂದೆ ಓದಿಸಲು ದುಡ್ಡಿರಲಿಲ್ಲ.

ಇಂಥ ಮನೆಗೂ ಒಂದು ದೊಡ್ಡ ನಂಟಿತ್ತು. ತಾಯಿಯ ಸೋದರಿ ಎಮ್ಮಾಳನ್ನು ಮದುವೆಯಾಗಿದ್ದವನು ಚಾರ್ಲ್ಸ್ ವೀಟ್‌ಸ್ಟೋನ್. ಬ್ರಿಟನ್ನಿನ ಟೆಲಿಗ್ರಾಫಿನ ಜನಕರಲ್ಲಿ ಒಬ್ಬ. ನಮ್ಮ ಲ್ಯಾಬುಗಳ ‘ವೀಟ್‌ಸ್ಟೋನ್ ಬ್ರಿಜ್’ ಖ್ಯಾತಿಯವನು. ಆ ನೆಂಟನ ಕೈಯಿಂದಲೇ ಅಣ್ಣ ಆರ್ಥರನೂ ಆಮೇಲೆ ಆಲಿವರನೂ ಟೆಲಿಗ್ರಾಫ್ ಕೆಲಸಕ್ಕೆ ಬಂದರು. ಇಂಗ್ಲೆಂಡಿನಿಂದ ಡೆನ್ಮಾರ್ಕಿಗೆ ಸಮುದ್ರದಡಿ ಕೇಬಲ್ ಹಾಕಿದ 1868ರಲ್ಲಿ 18ರ ಹುಡುಗ ಡೆನ್ಮಾರ್ಕಿನ ಫ್ರೆಡೆರೀಶಿಯಾ ಊರಿನ ತಂತಿ ಆಫೀಸಿನಲ್ಲಿ ಆಪರೇಟರ್ ಆಗಿ ಕೂತ. ಮುಂದೆ ನ್ಯೂಕಾಸಲ್‌ಗೆ ವರ್ಗವಾಗಿ ಬಂದ.

ಆ ಕಾಲದ ಸಮುದ್ರ ಕೇಬಲ್ ಎಂದರೆ ನಡುವೆ ತಾಮ್ರದ ತಂತಿ, ಅದರ ಮೇಲೆ ಗಟ್ಟಾ ಪರ್ಚಾ ಎಂಬ ಮರದಂಟಿನ ಹೊದಿಕೆ, ಹೊರಗೆ ಕಬ್ಬಿಣದ ರಕ್ಷೆ ಮತ್ತು ಉಪ್ಪುನೀರು. ಇಂಥ ರಚನೆ ತನಗೆ ಗೊತ್ತಿಲ್ಲದಂತೆ ಸಾವಿರಾರು ಕಿಲೋಮೀಟರ್ ಉದ್ದದ ಕೆಪಾಸಿಟರ್ ಆಗಿಬಿಡುತ್ತದೆ. ಸಂಕೇತ ಕಳಿಸಿದರೆ ಮೊದಲು ಕೇಬಲ್ಲೇ ವಿದ್ಯುತ್ತನ್ನು ತುಂಬಿಕೊಳ್ಳುತ್ತದೆ, ಆಮೇಲೆ ನಿಧಾನವಾಗಿ ಬಿಡುತ್ತದೆ. ಒದ್ದೆ ಬಟ್ಟೆಯ ಮೇಲೆ ಬಿದ್ದ ಮಸಿಯ ಹನಿ ಹರಡುವ ಹಾಗೆ, ಈ ತುದಿಯಲ್ಲಿ ಒತ್ತಿದ ಚುಕ್ಕೆ ಆ ತುದಿಯಲ್ಲಿ ಮಸುಕು ಕಲೆಯಾಗಿ ಹೊರಬರುತ್ತದೆ. 1858ರ ಮೊದಲ ಅಟ್ಲಾಂಟಿಕ್ ಕೇಬಲ್ಲಿನಲ್ಲಿ ವಿಕ್ಟೋರಿಯಾ ರಾಣಿಯ ಸುಮಾರು ನೂರು ಪದಗಳ ಸಂದೇಶ ಅಮೆರಿಕ ತಲುಪಲು 16 ಗಂಟೆ ಹಿಡಿಯಿತು. ಬೇಗ ಹೋಗಲಿ ಎಂದು ಅದರ ಎಲೆಕ್ಟ್ರೀಷಿಯನ್ ವೈಟ್‌ಹೌಸ್ ಸುಮಾರು 2000 ವೋಲ್ಟ್ ನುಗ್ಗಿಸಿದ. ಕೆಲವೇ ವಾರಗಳಲ್ಲಿ ಕೇಬಲ್ ಸತ್ತಿತು. ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಆದವನು, ಈ ಹರಡುವಿಕೆಗೆ ಆಗಲೇ ಗಣಿತ ಕೊಟ್ಟಿದ್ದ. ಅದರ ಪ್ರಕಾರ ಕೇಬಲಿನ ಉದ್ದ ಎರಡು ಪಟ್ಟಾದರೆ ತಡ ನಾಲ್ಕು ಪಟ್ಟು.

ಫ್ರೆಡೆರೀಶಿಯಾದ ಹುಡುಗ ಗಮನಿಸಿದ್ದು ಇನ್ನೊಂದು ವಿಚಿತ್ರ. ಒಂದೇ ಲೈನಿನಲ್ಲಿ ಇತ್ತಲಿಂದ ಅತ್ತ ಹೋಗುವ ಸಂದೇಶದ ವೇಗ ಒಂದು, ಅತ್ತಲಿಂದ ಇತ್ತ ಬರುವುದರ ವೇಗ ಇನ್ನೊಂದು. ಆಫೀಸಿನಲ್ಲಿ ಇದು ಎಲ್ಲರಿಗೂ ಗೊತ್ತು, ಯಾರಿಗೂ ಬೇಕಾಗಿರಲಿಲ್ಲ. ಹೆವಿಸೈಡ್ ಅದರ ಬೆನ್ನು ಹತ್ತಿದ. ಕೇಬಲಿನ ಎರಡು ತುದಿಗೆ ಸೇರಿದ ನೆಲದ ಮೇಲಿನ ಲೈನುಗಳು ಒಂದೇ ಸಮ ಇಲ್ಲದಿರುವುದೇ ಕಾರಣ ಎಂದು ಲೆಕ್ಕ ಹಾಕಿ ತೋರಿಸಿದ. 1873ರಲ್ಲಿ ವೀಟ್‌ಸ್ಟೋನ್ ಬ್ರಿಜ್ ಬಗ್ಗೆ ಬರೆದ ಪ್ರಬಂಧ ಥಾಮ್ಸನ್, ಮ್ಯಾಕ್ಸ್‌ವೆಲ್ ಇಬ್ಬರ ಕಣ್ಣಿಗೂ ಬಿತ್ತು. ಮ್ಯಾಕ್ಸ್‌ವೆಲ್ ತನ್ನ ಗ್ರಂಥದ ಎರಡನೇ ಆವೃತ್ತಿಯಲ್ಲಿ ಅದನ್ನು ಉಲ್ಲೇಖಿಸಿದ.

ಅದೇ 1873ರಲ್ಲಿ ಹೆವಿಸೈಡ್ ಕೈಗೆ ಮ್ಯಾಕ್ಸ್‌ವೆಲ್‌ನ ಗ್ರಂಥ ಸಿಕ್ಕಿತು. ಪುಟ ತಿರುವಿದ, ಅರ್ಥವಾಗಲಿಲ್ಲ. ಶಾಲೆಯ ಬೀಜಗಣಿತ, ತ್ರಿಕೋನಮಿತಿ ಬಿಟ್ಟರೆ ಅವನಿಗೆ ಹೆಚ್ಚು ಗಣಿತ ಗೊತ್ತಿರಲಿಲ್ಲ, ಅದೂ ಅರ್ಧ ಮರೆತುಹೋಗಿತ್ತು. ಇದರಲ್ಲಿ ಏನೋ ದೊಡ್ಡದಿದೆ ಎಂಬುದಷ್ಟೇ ಖಾತ್ರಿ. 1874ರಲ್ಲಿ ಕೆಲಸಕ್ಕೆ ರಾಜೀನಾಮೆ ಕೊಟ್ಟು ಲಂಡನ್ನಿಗೆ ಮರಳಿದ. ಬಾಗಿಲು ಹಾಕಿಕೊಂಡ ಕೋಣೆ, ಒಳಗೆ ಉರಿಯುವ ದೀಪ, ಹೊರಗೆ ಮನೆಯವರು ಇಟ್ಟುಹೋಗುತ್ತಿದ್ದ ಊಟದ ತಟ್ಟೆ. ಆ ಪುಸ್ತಕ ಪೂರ್ತಿ ದಕ್ಕಲು ಹಲವು ವರ್ಷ ಬೇಕಾಯಿತು. ದಕ್ಕಿದ ಮೇಲೆ ಮ್ಯಾಕ್ಸ್‌ವೆಲ್‌ನ ದಾರಿ ಬಿಟ್ಟು ತನ್ನದೇ ದಾರಿಯಲ್ಲಿ ನಡೆದೆ ಎಂದು ಮುಂದೆ ಹೇಳಿಕೊಂಡ.

ಆ ದಾರಿ ಯಾವುದು? ಮ್ಯಾಕ್ಸ್‌ವೆಲ್ ತನ್ನ ಸಿದ್ಧಾಂತದ ನಡುಗಂಬವಾಗಿ ಇಟ್ಟದ್ದು ‘ಪೊಟೆನ್ಷಿಯಲ್’ ಎಂಬ ಎರಡು ರಾಶಿಗಳನ್ನು. ಹೆವಿಸೈಡ್‌ಗೆ ಅವು ಗಣಿತದ ಸಾರುವೆಯಂತೆ ಕಂಡವು. ಕಟ್ಟಡ ಎದ್ದ ಮೇಲೆ ತೆಗೆದುಹಾಕಬೇಕಾದವು. ತಂತಿ ಆಫೀಸಿನಲ್ಲಿ ಕೂತವನಿಗೆ ನಿಜವಾದದ್ದು ಎಂದರೆ ಶಕ್ತಿ. ಅದು ಎಲ್ಲಿದೆ, ಯಾವ ಕಡೆ ಹರಿಯುತ್ತಿದೆ ಎಂದು ಹೇಳಲು ಬೇಕಾದವು ವಿದ್ಯುತ್ ಕ್ಷೇತ್ರ ಮತ್ತು ಕಾಂತಕ್ಷೇತ್ರ. ಹಾಗಾಗಿ 1884–85ರಲ್ಲಿ ಆ ಎರಡನ್ನೇ ಮುಂದಕ್ಕೆ ತಂದು, ತಾನೇ ಕಟ್ಟಿಕೊಂಡ ಸದಿಶ ಗಣಿತದಲ್ಲಿ ಇಡೀ ಸಿದ್ಧಾಂತವನ್ನು ಮತ್ತೆ ಬರೆದ. ವಿದ್ಯುತ್ ಕ್ಷೇತ್ರದ ರೇಖೆಗಳು ಆವೇಶದಿಂದ ಹೊರಡುತ್ತವೆ. ಕಾಂತಕ್ಷೇತ್ರದ ರೇಖೆಗಳಿಗೆ ಮೊದಲೂ ಇಲ್ಲ ಕೊನೆಯೂ ಇಲ್ಲ. ಕಾಂತಕ್ಷೇತ್ರ ಬದಲಾದರೆ ಅದರ ಸುತ್ತ ಸುಳಿಯಾಗಿ ವಿದ್ಯುತ್ ಕ್ಷೇತ್ರ ಏಳುತ್ತದೆ. ವಿದ್ಯುತ್ ಪ್ರವಾಹ ಹರಿದರೆ, ಅಥವಾ ವಿದ್ಯುತ್ ಕ್ಷೇತ್ರ ಬದಲಾದರೆ, ಸುತ್ತ ಸುಳಿಯಾಗಿ ಕಾಂತಕ್ಷೇತ್ರ ಏಳುತ್ತದೆ. ಕೊನೆಯ ಎರಡು ಸಾಲನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಇನ್ನೊಂದನ್ನು ಎಬ್ಬಿಸುತ್ತಾ ಅಲೆ ಮುಂದಕ್ಕೆ ಓಡುವುದು ಕಣ್ಣಿಗೇ ಕಾಣುತ್ತದೆ. 20 ಸಮೀಕರಣಗಳ ಗುಂಪಿನಲ್ಲಿ ಅದು ಅಡಗಿತ್ತು.

ಜರ್ಮನಿಯ ಹೈನ್‌ರಿಶ್ ಹರ್ಟ್ಸ್ ಕೂಡ ತನ್ನಷ್ಟಕ್ಕೆ ಇದೇ ರೂಪಕ್ಕೆ ಬಂದ, ಆದರೆ ಕೆಲವು ವರ್ಷ ತಡವಾಗಿ. ಹೆವಿಸೈಡ್ ತನಗಿಂತ ಮುಂಚೆ ಇದನ್ನು ಮಾಡಿದ್ದಾನೆ ಎಂದು ಹರ್ಟ್ಸ್ ಮುಕ್ತವಾಗಿ ಬರೆದ. ಲೋಕ ಅಷ್ಟು ಮುಕ್ತವಾಗಿರಲಿಲ್ಲ. 1905ರಲ್ಲಿ ಐನ್‌ಸ್ಟೈನ್ ಸಾಪೇಕ್ಷತೆಯ ಪ್ರಬಂಧ ಬರೆಯುವಾಗ ಅವು ‘ಮ್ಯಾಕ್ಸ್‌ವೆಲ್–ಹರ್ಟ್ಸ್ ಸಮೀಕರಣಗಳು’. ಆಮೇಲೆ ಹರ್ಟ್ಸ್ ಹೆಸರೂ ಉದುರಿತು. ಮ್ಯಾಕ್ಸ್‌ವೆಲ್ ಹೆಸರು ಉಳಿದದ್ದು ಅನ್ಯಾಯ ಎಂದು ನಾನು ಹೇಳಲಾರೆ. ಭೌತಶಾಸ್ತ್ರದ ಕಾಣ್ಕೆ ಅವನದೇ, ಹೆವಿಸೈಡ್ ಸ್ವತಃ ಅದನ್ನು ಎಂದೂ ಅಲ್ಲಗಳೆಯಲಿಲ್ಲ. ಇನ್ನೂ ಒಂದು ಮಾತು ಸೇರಿಸಬೇಕು: ಹೆವಿಸೈಡ್ ಸಾರುವೆ ಎಂದು ಕಿತ್ತು ಬಿಸಾಡಿದ ಪೊಟೆನ್ಷಿಯಲ್‌ಗಳು ಕ್ವಾಂಟಮ್ ಲೋಕದಲ್ಲಿ ಕಂಬಗಳೇ ಎಂದು 1959ರಲ್ಲಿ ಅಹರೊನೊವ್ ಮತ್ತು ಬೋಮ್ ತೋರಿಸಿದರು. ಕ್ಷೇತ್ರವೇ ಇಲ್ಲದ ಜಾಗದಲ್ಲಿ ಹಾದುಹೋಗುವ ಎಲೆಕ್ಟ್ರಾನಿನ ಮೇಲೂ ಪೊಟೆನ್ಷಿಯಲ್ ತನ್ನ ಗುರುತು ಬಿಡುತ್ತದೆ. ಮ್ಯಾಕ್ಸ್‌ವೆಲ್ ಅವನ್ನು ನಡುವೆ ಇಟ್ಟದ್ದು ಸುಮ್ಮನೆ ಅಲ್ಲ.

ಶಕ್ತಿಯ ಮಾತಿಗೆ ಬರೋಣ. ಸ್ವಿಚ್ ಹಾಕಿದರೆ ತಂತಿಯೊಳಗೆ ವಿದ್ಯುತ್ತು ಹರಿದು ಬಂದು ಬಲ್ಬು ಹೊತ್ತುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. 1884ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನ ಜಾನ್ ಹೆನ್ರಿ ಪಾಯಿಂಟಿಂಗ್ ಮತ್ತು ಹೆವಿಸೈಡ್, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಇದು ತಲೆಕೆಳಗು ಎಂದರು. ಶಕ್ತಿ ಹರಿಯುವುದು ತಂತಿಯ ಒಳಗಲ್ಲ, ಅದರ ಸುತ್ತಲಿನ ಜಾಗದಲ್ಲಿ. ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರವೂ ಒಂದಕ್ಕೊಂದು ಅಡ್ಡವಾಗಿ ಇರುವಲ್ಲಿ, ಎರಡಕ್ಕೂ ಲಂಬವಾದ ದಿಕ್ಕಿನಲ್ಲಿ ಶಕ್ತಿ ಸಾಗುತ್ತದೆ. ತಂತಿಯ ಕೆಲಸ ದಾರಿ ತೋರಿಸುವುದು. ತಂತಿಯ ಒಳಕ್ಕೆ ಇಳಿಯುವ ಶಕ್ತಿ ಎಂದರೆ ಅದನ್ನು ಬಿಸಿ ಮಾಡಿ ವ್ಯರ್ಥವಾಗುವ ಪಾಲು. ಅಷ್ಟೇ ಅಲ್ಲ, ಸಂಕೇತ ಬೇಗ ಬೇಗ ಬದಲಾಗುತ್ತಿದ್ದರೆ ಪ್ರವಾಹಕ್ಕೆ ತಂತಿಯ ನಡುವಿನವರೆಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ, ಹೊರಚರ್ಮದಲ್ಲೇ ಓಡುತ್ತದೆ ಎಂದೂ ಹೆವಿಸೈಡ್ ಲೆಕ್ಕ ಹಾಕಿದ. ಹೆಚ್ಚಿನ ಆವರ್ತನದ ಯಂತ್ರಗಳಲ್ಲಿ ಗಟ್ಟಿ ಸರಳಿನ ಬದಲು ಟೊಳ್ಳು ಕೊಳವೆ ಸಾಕಾಗುವುದು ಇದೇ ಕಾರಣಕ್ಕೆ.

ಈ ನೋಟವಿಟ್ಟುಕೊಂಡು ಮತ್ತೆ ಕೇಬಲಿನ ಕಡೆ ತಿರುಗಿದಾಗ ಹೆವಿಸೈಡ್‌ಗೆ ಕಂಡದ್ದೇ ಬೇರೆ. ಥಾಮ್ಸನ್ ಲೆಕ್ಕದಲ್ಲಿ ತಂತಿಯ ರೋಧ ಇತ್ತು, ಕೆಪಾಸಿಟೆನ್ಸ್ ಇತ್ತು. ತಂತಿಯ ಸುತ್ತ ಏಳುವ ಕಾಂತಕ್ಷೇತ್ರ, ಅಂದರೆ ಸ್ವಪ್ರೇರಣೆ, ಇರಲಿಲ್ಲ. ಟಕ್ ಟಕ್ ಎಂದು ನಿಧಾನವಾಗಿ ಒತ್ತುವ ಟೆಲಿಗ್ರಾಫಿಗೆ ಅದು ನಡೆಯುತ್ತಿತ್ತು. 1876ರಲ್ಲಿ ಟೆಲಿಫೋನ್ ಬಂದ ಮೇಲೆ ನಡೆಯಲಿಲ್ಲ. ಮಾತು ಸೆಕೆಂಡಿಗೆ ನೂರಾರು, ಸಾವಿರಾರು ಕಂಪನಗಳ ಬೆರಕೆ. ತಂತಿಯಲ್ಲಿ ಒಂದೊಂದು ಕಂಪನ ಒಂದೊಂದು ವೇಗದಲ್ಲಿ ಹೋದರೆ, ಒಂದೊಂದು ಬೇರೆ ಬೇರೆ ಪ್ರಮಾಣದಲ್ಲಿ ಸೊರಗಿದರೆ, ಆ ತುದಿಯಲ್ಲಿ ಕೇಳುವುದು ಬರೀ ಗೊಣಗಾಟ. ಹೆವಿಸೈಡ್ ರೋಧ, ಕೆಪಾಸಿಟೆನ್ಸ್, ಸ್ವಪ್ರೇರಣೆ, ಹೊದಿಕೆಯ ಮೂಲಕ ಆಗುವ ಸೋರಿಕೆ ನಾಲ್ಕನ್ನೂ ಸೇರಿಸಿ ಸಮೀಕರಣ ಕಟ್ಟಿದ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಇಂದಿಗೂ ಓದುವ ‘ಟೆಲಿಗ್ರಾಫರ್ ಸಮೀಕರಣ’ ಇದು. 1887ರಲ್ಲಿ ಅದರಿಂದ ಹೊರಬಿದ್ದ ಫಲಿತಾಂಶ ಅವನನ್ನೇ ಬೆಚ್ಚಿಸಿರಬೇಕು. ರೋಧಕ್ಕೂ ಸ್ವಪ್ರೇರಣೆಗೂ ಇರುವ ಅನುಪಾತ, ಸೋರಿಕೆಗೂ ಕೆಪಾಸಿಟೆನ್ಸಿಗೂ ಇರುವ ಅನುಪಾತಕ್ಕೆ ಸಮವಾದರೆ ಸಂಕೇತ ಎಷ್ಟು ದೂರ ಹೋದರೂ ಆಕಾರ ಕೆಡುವುದಿಲ್ಲ. ದನಿ ಸಣ್ಣದಾಗುತ್ತದೆ, ಆದರೆ ಅದೇ ದನಿಯಾಗಿ ಉಳಿಯುತ್ತದೆ. ನಿಜವಾದ ಕೇಬಲುಗಳಲ್ಲಿ ಮೊದಲ ಅನುಪಾತ ಬಹಳ ದೊಡ್ಡದು. ಅದನ್ನು ತಗ್ಗಿಸಲು ತಾಮ್ರ ದಪ್ಪ ಮಾಡಬಹುದು, ಖರ್ಚು ಸುಡುತ್ತದೆ. ಅಗ್ಗದ ದಾರಿ ಸ್ವಪ್ರೇರಣೆಯನ್ನು ಹೆಚ್ಚಿಸುವುದು. ಲೈನಿನ ಉದ್ದಕ್ಕೂ ಅಲ್ಲಲ್ಲಿ ತಂತಿಸುರುಳಿ ಸೇರಿಸಿ ಎಂದ ಹೆವಿಸೈಡ್.

ಲಂಡನ್ನಿನ ಅಂಚೆ ಇಲಾಖೆಯಲ್ಲಿ ಇದನ್ನು ಕೇಳಿ ಕೆರಳಿದವನು ವಿಲಿಯಂ ಪ್ರೀಸ್. ಬ್ರಿಟನ್ನಿನ ಟೆಲಿಗ್ರಾಫ್, ಟೆಲಿಫೋನ್ ಎಂಜಿನಿಯರುಗಳಲ್ಲಿ ಅವನ ಮಾತೇ ಮಾತು. ಸ್ವಪ್ರೇರಣೆ ಲೈನಿಗೆ ಅಂಟಿದ ಶನಿ, ಅದನ್ನು ಆದಷ್ಟು ಕಡಿಮೆ ಮಾಡಬೇಕು ಎಂದು ಅವನು ಸಾರಿಕೊಂಡು ಬಂದಿದ್ದ. ಈ ಡಿಗ್ರಿ ಇಲ್ಲದ ಕೆಪ್ಪ ಬಂದು ಅದನ್ನೇ ಹೆಚ್ಚಿಸಿ ಎನ್ನುತ್ತಿದ್ದಾನೆ! ಅದೇ ವರ್ಷ ಆಲಿವರ್ ಮತ್ತು ಆರ್ಥರ್ ಸೇರಿ ಟೆಲಿಫೋನ್ ಕುರಿತು ಪ್ರಬಂಧ ಬರೆದರು. ಆರ್ಥರ್ ಅಂಚೆ ಇಲಾಖೆಯ ಎಂಜಿನಿಯರ್, ಪ್ರೀಸ್‌ನ ಒಪ್ಪಿಗೆ ಬೇಕು. ಒಪ್ಪಿಗೆ ಸಿಗಲಿಲ್ಲ. ಹೊಟ್ಟೆಪಾಡು ನೋಡಬೇಕಿದ್ದ ಅಣ್ಣ ಹಿಂದೆ ಸರಿದ. ಹೆವಿಸೈಡ್ ಬರೆಯುತ್ತಿದ್ದ ‘ದಿ ಎಲೆಕ್ಟ್ರಿಷಿಯನ್’ ಪತ್ರಿಕೆ ಅವನಿಗೆ ವರ್ಷಕ್ಕೆ ಕೊಡುತ್ತಿದ್ದದ್ದು ಸುಮಾರು 40 ಪೌಂಡ್. ಅವನಿಗೆ ಪುಟ ಬಿಟ್ಟುಕೊಟ್ಟಿದ್ದ ಸಂಪಾದಕ ಬಿಗ್ಸ್ 1887ರಲ್ಲಿ ಕುರ್ಚಿ ಕಳೆದುಕೊಂಡ, ಲೇಖನಮಾಲೆಯೂ ನಿಂತಿತು.

ಪ್ರೀಸ್‌ನನ್ನು ಬರೀ ಖಳನಾಯಕ ಮಾಡುವುದು ಸುಲಭ. ಮುಂದೆ ಇಟಲಿಯಿಂದ ಬಂದ 22ರ ಹುಡುಗ ಮಾರ್ಕೊನಿಗೆ ಇಲಾಖೆಯ ಬಾಗಿಲು ತೆರೆದುಕೊಟ್ಟವನೂ ಇದೇ ಪ್ರೀಸ್. ಹೆವಿಸೈಡ್ ಬರೆಯುತ್ತಿದ್ದ ರೀತಿಯೂ ಎದುರಾಳಿಗೆ ನೆರವಾಯಿತು: ಪುಟಗಟ್ಟಲೆ ಚಿಹ್ನೆಗಳು, ತಾನೇ ಟಂಕಿಸಿದ ಪದಗಳು, ನಡುನಡುವೆ ಪ್ರೀಸ್ ಮೇಲೆ ಕುಟುಕು. ಇಂಡಕ್ಟೆನ್ಸ್, ಇಂಪೀಡೆನ್ಸ್, ಕಂಡಕ್ಟೆನ್ಸ್, ಅಡ್ಮಿಟೆನ್ಸ್ ಎಲ್ಲ ಅವನ ಟಂಕಸಾಲೆಯ ನಾಣ್ಯಗಳೇ. ಇಂದು ಅವು ರೇಡಿಯೊ ರಿಪೇರಿಯವನ ಬಾಯಲ್ಲೂ ಇವೆ. ಆಗ ಓದಿದವರು ಬೆರಳೆಣಿಕೆ.

ಆ ಬೆರಳೆಣಿಕೆಯವರೇ ಅವನನ್ನು ಉಳಿಸಿದರು. 1887–88ರಲ್ಲಿ ಕಾರ್ಲ್ಸ್‌ರೂಹೆಯ ಪ್ರಯೋಗಾಲಯದಲ್ಲಿ ಹರ್ಟ್ಸ್ ವಿದ್ಯುತ್ಕಾಂತೀಯ ಅಲೆಗಳನ್ನು ಹುಟ್ಟಿಸಿ, ಹಿಡಿದು ತೋರಿಸಿದ. ಸುಮಾರು ಅದೇ ಹೊತ್ತಿಗೆ ಲಿವರ್‌ಪೂಲಿನ ಆಲಿವರ್ ಲಾಜ್ ತಂತಿಗಳ ಮೇಲೆ ಅಲೆ ಓಡಿಸುತ್ತಿದ್ದ. ಹೆವಿಸೈಡನ ಲೆಕ್ಕಗಳು ತಾನು ಕಂಡದ್ದಕ್ಕೆ ಹೊಂದುತ್ತವೆ ಎಂದು ಭಾಷಣದಲ್ಲಿ ಹೊಗಳಿದ. 1889ರ ಜನವರಿಯಲ್ಲಿ ಸ್ವತಃ ಥಾಮ್ಸನ್, ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ಅಧ್ಯಕ್ಷನಾಗಿ ಮಾತಾಡುವಾಗ, ಹೆವಿಸೈಡ್ ಹೆಸರೆತ್ತಿ ಮೆಚ್ಚಿದ. ತನ್ನ ಲೆಕ್ಕವನ್ನೇ ತಿದ್ದಿದವನನ್ನು ತುಂಬಿದ ಸಭೆಯಲ್ಲಿ ಮೆಚ್ಚುವ ದೊಡ್ಡತನ ಅದು. ಡಬ್ಲಿನ್ನಿನ ಜಾರ್ಜ್ ಫ್ರಾನ್ಸಿಸ್ ಫಿಟ್ಸ್‌ಜೆರಾಲ್ಡ್ ಆಪ್ತ ಗೆಳೆಯನಾದ. ವೇಗವಾಗಿ ಚಲಿಸುವ ಆವೇಶದ ಸುತ್ತಲಿನ ಕ್ಷೇತ್ರ ಚಲನೆಯ ದಿಕ್ಕಿನಲ್ಲಿ ಚಪ್ಪಟೆಯಾಗುತ್ತದೆ ಎಂದು ಹೆವಿಸೈಡ್ ಲೆಕ್ಕ ಹಾಕಿದ್ದ. ಚಲಿಸುವ ವಸ್ತುಗಳೇ ಕುಗ್ಗುತ್ತವೆ ಎಂದು 1889ರಲ್ಲಿ ಫಿಟ್ಸ್‌ಜೆರಾಲ್ಡ್ ಊಹಿಸಲು ಇದೇ ಇಂಬು ಕೊಟ್ಟಿತು. ಸಾಪೇಕ್ಷತೆಯ ದಾರಿಯಲ್ಲಿ ಅದೊಂದು ಮೈಲಿಗಲ್ಲು. 1891ರಲ್ಲಿ ರಾಯಲ್ ಸೊಸೈಟಿ ಹೆವಿಸೈಡನನ್ನು ಫೆಲೋ ಆಗಿ ಆರಿಸಿತು.

ಗೌರವ ಬಂದ ಮೇಲೂ ಜಗಳ ನಿಲ್ಲಲಿಲ್ಲ, ಈಗ ಗಣಿತಜ್ಞರ ಸರದಿ. ಎಡಿನ್‌ಬರೋದ ಪೀಟರ್ ಟೇಟ್ ಕ್ವಾಟರ್ನಿಯನ್ ಎಂಬ ಹಳೆಯ ಗಣಿತದ ಪೂಜಾರಿ. ಅದನ್ನು ಸೀಳಿ ಬೇಕಾದಷ್ಟನ್ನೇ ಇಟ್ಟುಕೊಂಡ ಹೆವಿಸೈಡ್ ಮತ್ತು ಅಮೆರಿಕದ ಗಿಬ್ಸ್ ಅವನಿಗೆ ಭ್ರಷ್ಟರಂತೆ ಕಂಡರು. 1890ರ ದಶಕದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ನಡೆದ ಈ ಕಾಳಗ ಓದಲು ಇವತ್ತಿಗೂ ಮಜಾ. ಗೆದ್ದದ್ದು ಸದಿಶ ಗಣಿತವೇ; ನಮ್ಮ ಪಿಯುಸಿಯಲ್ಲಿ ಕಲಿಸುವುದು ಅದನ್ನೇ.

ಇನ್ನೊಂದು ಜಗಳದಲ್ಲಿ ಅವನು ಸೋತ. ಕಾಲದೊಂದಿಗೆ ಬದಲಾಗುವ ಪ್ರಮಾಣವನ್ನು ಸೂಚಿಸುವ ಅವಕಲನ ಚಿಹ್ನೆಯನ್ನೇ ಒಂದು ಸಾಮಾನ್ಯ ಸಂಖ್ಯೆಯಂತೆ ಭಾವಿಸಿ, ಗುಣಿಸಿ, ಭಾಗಿಸಿ, ಕಷ್ಟದ ಸಮೀಕರಣಗಳನ್ನು ಬೀಜಗಣಿತದ ಲೆಕ್ಕವಾಗಿ ಮಾಡಿಕೊಳ್ಳುವ ವಿಧಾನ ಅವನದು. ಸ್ವಿಚ್ ಹಾಕಿದ ಕ್ಷಣ ಸರ್ಕೀಟಿನಲ್ಲಿ ಏನಾಗುತ್ತದೆ ಎಂಬುದಕ್ಕೆ ಅದು ಚಕಚಕ ಉತ್ತರ ಕೊಡುತ್ತಿತ್ತು. ಉತ್ತರ ಸರಿಯಿರುತ್ತಿತ್ತು, ಯಾಕೆ ಸರಿ ಎಂದು ಸಾಧಿಸುವ ಗೊಡವೆಗೆ ಹೆವಿಸೈಡ್ ಹೋಗುತ್ತಿರಲಿಲ್ಲ. ಜೀರ್ಣಕ್ರಿಯೆ ಗೊತ್ತಿಲ್ಲವೆಂದು ಊಟ ಬಿಡಲಾದೀತೇ ಎಂಬಂತಿತ್ತು ಅವನ ವಾದ. ರಾಯಲ್ ಸೊಸೈಟಿ ಈ ಸರಣಿಯ ಎರಡು ಭಾಗ ಅಚ್ಚು ಹಾಕಿತು. ಮೂರನೆಯದನ್ನು ಗಣಿತಜ್ಞ ವಿಲಿಯಂ ಬರ್ನ್‌ಸೈಡ್‌ಗೆ ತೋರಿಸಿತು. ಅವನು ಬೇಡವೆಂದ, 1894ರಲ್ಲಿ ಪ್ರಬಂಧ ವಾಪಸಾಯಿತು. ಫೆಲೋ ಒಬ್ಬನ ಬರಹವನ್ನು ಹೀಗೆ ತಿರುಗಿಸುವುದು ಆಗ ವಾಡಿಕೆಯಲ್ಲ. ಇಪ್ಪತ್ತು ವರ್ಷಗಳ ಮೇಲೆ, 1916ರಲ್ಲಿ, ಗಣಿತಜ್ಞ ಬ್ರಾಮ್‌ವಿಚ್ ಆ ವಿಧಾನಕ್ಕೆ ಗಟ್ಟಿ ತಳಹದಿ ಹಾಕಿದ. ಲ್ಯಾಪ್ಲಾಸ್ ಟ್ರಾನ್ಸ್‌ಫಾರ್ಮ್ ಎಂಬ ಹೆಸರಿನಲ್ಲಿ ಈಗ ಪ್ರತಿ ಎಂಜಿನಿಯರಿಂಗ್ ವಿದ್ಯಾರ್ಥಿಯೂ ಮಾಡುವುದು ಬಹುಪಾಲು ಇದೇ ಕಸರತ್ತು.

ತಂತಿಸುರುಳಿಯ ಕಥೆ ಏನಾಯಿತು? ಬ್ರಿಟನ್ನಿನಲ್ಲಿ ಏನೂ ಆಗಲಿಲ್ಲ. ಹೆವಿಸೈಡ್ ಅದಕ್ಕೆ ಪೇಟೆಂಟ್ ಮಾಡಿಸಿರಲಿಲ್ಲ. ಅಮೆರಿಕದಲ್ಲಿ ಎಟಿ ಅಂಡ್ ಟಿ ಕಂಪನಿಯ ಜಾರ್ಜ್ ಕ್ಯಾಂಪ್‌ಬೆಲ್, ಕೊಲಂಬಿಯಾ ವಿಶ್ವವಿದ್ಯಾಲಯದ ಮೈಕೆಲ್ ಪುಪಿನ್ ಇಬ್ಬರೂ ಸುರುಳಿಗಳನ್ನು ಎಷ್ಟೆಷ್ಟು ದೂರಕ್ಕೆ ಹಾಕಬೇಕೆಂಬ ಲೆಕ್ಕ ಕಂಡುಕೊಂಡರು. 1900ರಲ್ಲಿ ಪೇಟೆಂಟ್ ಸಿಕ್ಕಿದ್ದು ಪುಪಿನ್‌ಗೆ. ಕಂಪನಿ ಅದನ್ನು ಕೊಂಡಿತು, ವರ್ಷ ವರ್ಷ ಕೊಟ್ಟದ್ದೆಲ್ಲ ಸೇರಿ ಪುಪಿನ್ ಕೈಗೆ ನಾಲ್ಕು ಲಕ್ಷ ಡಾಲರಿಗೂ ಮೀರಿ ಬಂತು. ಸುರುಳಿ ಹಾಕಿದ ಲೈನಿನಲ್ಲಿ, ದನಿ ಹಿಗ್ಗಿಸುವ ಯಾವ ಉಪಕರಣವೂ ಇಲ್ಲದೆ, 1911ರಲ್ಲಿ ನ್ಯೂಯಾರ್ಕಿನಿಂದ ಡೆನ್ವರ್‌ಗೆ ಮಾತು ಹೋಯಿತು. ಅದು 3000 ಕಿಲೋಮೀಟರಿಗೂ ಹೆಚ್ಚು ದೂರ. ನೂರು ವರ್ಷ ಟೆಲಿಫೋನಿನ ಉಪಕಾರಿಗಳಾಗಿದ್ದ ಈ ಸುರುಳಿಗಳು ಬ್ರಾಡ್‌ಬ್ಯಾಂಡ್ ಬಂದಾಗ ವೈರಿಗಳಾದವು. ಮಾತಿನ ಆವರ್ತನವನ್ನು ಚೆನ್ನಾಗಿ ಬಿಡುತ್ತಿದ್ದ ಅವು ಅದಕ್ಕಿಂತ ಮೇಲಿನದನ್ನು ತಡೆಯುತ್ತವೆ, ಇಂಟರ್‌ನೆಟ್ ಓಡುವುದು ಮೇಲೆಯೇ. ಹಳೆಯ ಲ್ಯಾಂಡ್‌ಲೈನಿನಲ್ಲಿ ಡಿಎಸ್‌ಎಲ್ ಕೊಡಬೇಕಾದರೆ ಲೈನ್‌ಮನ್ ಮೊದಲು ಮಾಡಬೇಕಾದ ಕೆಲಸ ಸುರುಳಿ ಬಿಚ್ಚುವುದು.

ಮಾರ್ಕೊನಿ 1901ರ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ದಾಟಿಸಿ ರೇಡಿಯೊ ಸಂಕೇತ ಹಿಡಿದೆ ಎಂದಾಗ ಭೌತಶಾಸ್ತ್ರಜ್ಞರು ಪೇಚಿಗೆ ಬಿದ್ದರು. ಅಲೆ ನೇರ ಹೋಗುತ್ತದೆ, ಭೂಮಿ ಗುಂಡಗಿದೆ. ಬಾಗಿ ಆಚೆ ಹೇಗೆ ಹೋಯಿತು? ಎನ್‌ಸೈಕ್ಲೋಪೀಡಿಯ ಬ್ರಿಟಾನಿಕಾಗೆ 1902ರಲ್ಲಿ ಟೆಲಿಗ್ರಾಫ್ ಸಿದ್ಧಾಂತದ ಬಗ್ಗೆ ಬರೆಯುತ್ತಾ ಹೆವಿಸೈಡ್ ಇದಕ್ಕೆ ಎರಡು ಮೂರು ವಾಕ್ಯದಲ್ಲಿ ಉತ್ತರ ಕೊಟ್ಟು ಮುಂದೆ ಹೋದ. ಉಪ್ಪುನೀರಿನ ಕಡಲು ವಿದ್ಯುತ್ ವಾಹಕ. ಮೇಲೆ ವಾತಾವರಣದಲ್ಲೂ ಒಂದು ವಾಹಕ ಪದರ ಇದ್ದೀತು. ಅಲೆ ಈ ಎರಡರ ನಡುವೆ, ತಂತಿಗಳ ಗುಂಟ ಹೋಗುವ ಹಾಗೆಯೇ, ಬಾಗಿಕೊಂಡು ಹೋಗುತ್ತದೆ. ತಂತಿ ಆಫೀಸಿನ ಹುಡುಗನಿಗೆ ಕಡಲೂ ಆಕಾಶವೂ ಸೇರಿ ಇನ್ನೊಂದು ಕೇಬಲ್ ಆಗಿ ಕಂಡಿತು! ಅದೇ ವರ್ಷ ಇದೇ ಊಹೆಯನ್ನು ಅಮೆರಿಕದಲ್ಲಿ ಮುಂದಿಟ್ಟವನು ಆರ್ಥರ್ ಕೆನೆಲಿ. ಅವನು ಹುಟ್ಟಿದ್ದು ನಮ್ಮ ಮುಂಬಯಿಯ ಕೊಲಾಬಾದಲ್ಲಿ. ಹಾಗಾಗಿ ಅದು ಕೆನೆಲಿ–ಹೆವಿಸೈಡ್ ಪದರವಾಯಿತು.

ಇಷ್ಟರಲ್ಲಿ ಹೆವಿಸೈಡ್ ಲಂಡನ್ ಬಿಟ್ಟು ಬಹಳ ಕಾಲವಾಗಿತ್ತು. 1889ರಲ್ಲಿ ಅಪ್ಪ ಅಮ್ಮನ ಜೊತೆ ಡೆವನ್ ಪ್ರಾಂತ್ಯದ ಪೇಂಟನ್‌ಗೆ ಬಂದ. ಅಲ್ಲಿ ಇನ್ನೊಬ್ಬ ಅಣ್ಣ ಚಾರ್ಲ್ಸ್ ಸಂಗೀತ ವಾದ್ಯಗಳ ಅಂಗಡಿ ಇಟ್ಟಿದ್ದ. ಹೆತ್ತವರು ಹೋದ ಮೇಲೆ ಒಂಟಿ. ರಾಯಲ್ ಸೊಸೈಟಿಯಿಂದ ನೆರವು ಬಂದರೆ ಭಿಕ್ಷೆ ಬೇಡ ಎಂದ. 1896ರಲ್ಲಿ ಫಿಟ್ಸ್‌ಜೆರಾಲ್ಡ್ ಮತ್ತು ಜಾನ್ ಪೆರಿ ಸೇರಿ, ಇದು ದಾನವಲ್ಲ, ವಿಜ್ಞಾನಕ್ಕೆ ಮಾಡಿದ ಸೇವೆಗೆ ಗೌರವ ಎಂದು ಒಪ್ಪಿಸಿ ವರ್ಷಕ್ಕೆ 120 ಪೌಂಡ್ ಸರ್ಕಾರಿ ಪಿಂಚಣಿ ಕೊಡಿಸಿದರು. 1908ರಲ್ಲಿ ಟಾರ್ಕೀಗೆ ಹೋಗಿ ಅತ್ತಿಗೆಯ ಸೋದರಿ ಮೇರಿ ವೇ ಮನೆಯಲ್ಲಿ ನೆಲೆಸಿದ. ಆಕೆಯ ಮೇಲೆ ಅವನು ಹೇರಿದ ಕಟ್ಟುಪಾಡುಗಳ ವಿವರ ಓದಿದರೆ ಒಂಟಿ ಜೀನಿಯಸ್ ಎಂಬ ಮರುಕವೆಲ್ಲ ಇಳಿದುಹೋಗುತ್ತದೆ. 1916ರಲ್ಲಿ ಆಕೆ ಮನೆ ಬಿಟ್ಟು ಹೋದಳು. ಆಮೇಲೆ ಅವನಿಗೆ ಉಳಿದದ್ದು ಗ್ಯಾಸ್ ಕಂಪನಿಯೊಂದಿಗೆ ಬಿಲ್ಲಿನ ಜಗಳ, ಕಲ್ಲು ತೂರುವ ಬೀದಿ ಹುಡುಗರು, ಚಳಿ. ಪತ್ರಗಳಲ್ಲಿ ಹೆಸರಿನ ಮುಂದೆ ಡಿಗ್ರಿ ಬರೆಯುವ ಹಾಗೆ ‘ವರ್ಮ್’, ಅಂದರೆ ಹುಳ, ಎಂಬ ಅಕ್ಷರಗಳನ್ನು ಚುಕ್ಕೆ ಇಟ್ಟು ಸೇರಿಸುತ್ತಿದ್ದ. ಕೇಂಬ್ರಿಜ್‌ನ ಸರ್ಲ್ ದಂಪತಿ ಬಂದು ಹೋಗಿ ಮಾಡುತ್ತಿದ್ದರು. ಆ ದಿನಗಳ ನೆನಪನ್ನು ಸರ್ಲ್ ಬರೆದಿಟ್ಟಿದ್ದಾನೆ. 1922ರಲ್ಲಿ ವಿದ್ಯುತ್ ಎಂಜಿನಿಯರುಗಳ ಸಂಸ್ಥೆ ಫ್ಯಾರಡೆ ಪದಕ ಸ್ಥಾಪಿಸಿದಾಗ ಮೊಟ್ಟಮೊದಲನೆಯದು ಹೆವಿಸೈಡ್‌ಗೆ. ಅಧ್ಯಕ್ಷ ಹೈಫೀಲ್ಡ್ ತಾನೇ ಟಾರ್ಕೀಗೆ ಹೋಗಿ ಕೊಟ್ಟು ಬಂದ.

1924ರ ಡಿಸೆಂಬರಿನಲ್ಲಿ ಎಡ್ವರ್ಡ್ ಆಪಲ್ಟನ್ ಮತ್ತು ಬಾರ್ನೆಟ್, ಬಿಬಿಸಿಯ ಬೋರ್ನ್‌ಮತ್ ಕೇಂದ್ರದಿಂದ ರಾತ್ರಿ ಪ್ರಸಾರ ಮುಗಿದ ಮೇಲೆ ಅಲೆಗಳನ್ನು ಬಿಡಿಸಿ ಆಕ್ಸ್‌ಫರ್ಡಿನಲ್ಲಿ ಹಿಡಿದರು. ಆವರ್ತನವನ್ನು ಮೆಲ್ಲಗೆ ಬದಲಿಸುತ್ತಾ ಹೋದಾಗ ನೇರ ಬಂದ ಅಲೆ ಮತ್ತು ಮೇಲಿಂದ ಮರಳಿ ಬಂದ ಅಲೆ ಸೇರಿ ದನಿ ಏರಿಳಿಯಿತು. ಆ ಏರಿಳಿತ ಎಣಿಸಿ ಕೆನೆಲಿ–ಹೆವಿಸೈಡ್ ಪದರದ ಎತ್ತರ ಕಂಡುಕೊಂಡರು. 90 ಕಿಲೋಮೀಟರಿನ ಆಸುಪಾಸು. ಆಪಲ್ಟನ್‌ಗೆ 1947ರ ನೊಬೆಲ್ ಬಂತು. ಹೆವಿಸೈಡ್ ಆ ಚಳಿಗಾಲದಲ್ಲೇ ಏಣಿಯಿಂದ ಬಿದ್ದ, ನರ್ಸಿಂಗ್ ಹೋಮ್ ಸೇರಿದ, 1925ರ ಫೆಬ್ರುವರಿ 3ರಂದು ತೀರಿಕೊಂಡ. ಪೇಂಟನ್‌ನಲ್ಲಿ ಅಪ್ಪ ಅಮ್ಮನ ಗೋರಿಯಲ್ಲೇ ಅವನನ್ನೂ ಮಣ್ಣು ಮಾಡಿದರು.

ವಿಜ್ಞಾನಿಗಳು ಆ ಪದರವನ್ನು ಈಗ ‘ಇ’ ಎಂಬ ಒಂಟಿ ಅಕ್ಷರದಿಂದ ಕರೆಯುತ್ತಾರೆ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಶುರು ಮಾಡಿದ ಕಾಲದಿಂದ ಈಚಿನವರೆಗೂ ಮೀಡಿಯಂ ವೇವ್ ಕೇಳಿದವರಿಗೆಲ್ಲ ಅದರ ಉಪಕಾರ ಸಂದಿದೆ. ಹಗಲಲ್ಲಿ ಅದಕ್ಕಿಂತ ಕೆಳಗಿನ ‘ಡಿ’ ಪದರ ಆ ಅಲೆಗಳನ್ನು ನುಂಗುತ್ತದೆ. ಸೂರ್ಯ ಮುಳುಗಿದರೆ ‘ಡಿ’ ಕರಗಿ, ಅಲೆಗಳು ಮೇಲೆ ಹೋಗಿ ಬಡಿದು ಮರಳುತ್ತವೆ. ಕತ್ತಲಾದ ಮೇಲೆ ದೂರದೂರದ ಸ್ಟೇಷನ್ನುಗಳು ಒಂದರ ಮೇಲೊಂದು ಬಿದ್ದು ಬರುತ್ತಿದ್ದದ್ದು ಅದಕ್ಕೆ. ಹೆವಿಸೈಡನ ಹೆಸರು ಪದರಕ್ಕೆ ಇನ್ನೂ ಅಂಟಿಕೊಂಡಿರುವುದು ಯಾರೂ ಊಹಿಸದ ಜಾಗದಲ್ಲಿ. 1981ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಕ್ಯಾಟ್ಸ್’ ಎಂಬ ಸಂಗೀತ ನಾಟಕದ ಕೊನೆಗೆ, ಆರಿಸಿದ ಒಂದು ಮುದಿ ಬೆಕ್ಕು ಹೊಸ ಜನ್ಮ ಪಡೆಯಲು ಹೆವಿಸೈಡ್ ಪದರಕ್ಕೆ ಏರಿ ಹೋಗುತ್ತದೆ. ವರ್ಷಗಟ್ಟಲೆ ಆ ನಾಟಕಕ್ಕೆ ಜನ ಕ್ಯೂ ನಿಂತಿದ್ದಾರೆ.